ಆರ್ಗನ್ ದೊಡ್ಡ ಹಾರ್ಮೋನಿಯಂ ಅಲ್ಲ: ಕಾರ್ಲ್ ರಿಕ್ಟರ್ ಅವರ ಬದುಕನ್ನು ಮುಂದಿಟ್ಟು ಒಂದು ಪತ್ರ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಸಂಗೀತ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರಲ್ಲಿ ಬಂದ ಎರಡು ಮಾತುಗಳು ಮಾತ್ರ ನನ್ನನ್ನು ಈ ಪತ್ರ ಬರೆಯಲು ಕೂರಿಸಿದವು. ಚರ್ಚುಗಳಲ್ಲಿರುವ ಆರ್ಗನ್ ಗಾತ್ರದಲ್ಲಿ ದೊಡ್ಡದಾದ ಹಾರ್ಮೋನಿಯಂ ಎಂಬುದು ಮೊದಲನೆಯದು. ಅದನ್ನು ನುಡಿಸುವವರೂ ಅದರೊಡನೆ ಹಾಡುವ ಗಾಯನವೃಂದವನ್ನು ನಡೆಸುವವರೂ ಬರೆದಿಟ್ಟದ್ದನ್ನು ಓದಿ ಒಪ್ಪಿಸುವವರೇ ಹೊರತು ನಮ್ಮ ಸಂಗೀತದಲ್ಲಿ ಮನೋಧರ್ಮವೆಂದು ಕರೆಯುವ, ಆ ಕ್ಷಣದಲ್ಲಿ ತಾವೇ ಕಲ್ಪಿಸಿಕೊಳ್ಳುವ ಗುಣಕ್ಕೆ ಅವರ ಕೆಲಸದಲ್ಲಿ ಎಡೆಯೇ ಇಲ್ಲ ಎಂಬುದು ಎರಡನೆಯದು. ಲೇಖಕರು ಯಾರನ್ನೂ ಹೀಗಳೆಯುವ ಉದ್ದೇಶದಿಂದ ಹೀಗೆ ಬರೆದಿಲ್ಲ ಎಂಬುದು ಲೇಖನದ ಧಾಟಿಯಿಂದಲೇ ತಿಳಿಯುತ್ತದೆ. ಕರ್ನಾಟಕ ಸಂಗೀತದ ಹಿರಿಮೆಯನ್ನು ಹೇಳುವ ಹುರುಪಿನಲ್ಲಿ ಆಡಿದ ಮಾತುಗಳವು. ಆದರೂ ಅವು ತಪ್ಪು. ವಾದಕ್ಕೆ ವಾದ ಹೂಡುವುದಕ್ಕಿಂತ ಒಬ್ಬ ಕಲಾವಿದರ ಬದುಕನ್ನೇ ಓದುಗರ ಮುಂದಿಡುವುದು ಲೇಸೆಂದು ತೋರಿ, ಜರ್ಮನಿಯ ಆರ್ಗನ್ ವಾದಕ ಹಾಗೂ ಗಾಯನವೃಂದ ನಿರ್ದೇಶಕ ಕಾರ್ಲ್ ರಿಕ್ಟರ್ ಅವರ ಕುರಿತು ಬರೆಯುತ್ತಿದ್ದೇನೆ. 2026ರ ಅಕ್ಟೋಬರ್ 15ಕ್ಕೆ ಅವರು ಹುಟ್ಟಿ ನೂರು ವರ್ಷ ತುಂಬುತ್ತದೆ.

ನಾನು ಮಂಗಳೂರಿನ ಒಂದು ಚರ್ಚಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಆರಾಧನೆಗೆ ವಾದ್ಯ ನುಡಿಸಿದವನು, ಅಲ್ಲಿನ ಗಾಯಕರನ್ನು ಹಾಡಿಗೆ ಅಣಿಗೊಳಿಸಿದವನು. ನಮ್ಮಲ್ಲಿರುವುದು ಕೊಳವೆಗಳ ಆರ್ಗನ್ ಅಲ್ಲ. ಕಾಲಿನಿಂದ ತಿದಿಯೊತ್ತಿ ನುಡಿಸುವ, ಹಾರ್ಮೋನಿಯಂ ಜಾತಿಗೇ ಸೇರಿದ ವಾದ್ಯ. ಎರಡನ್ನೂ ಬಲ್ಲವನಾದ್ದರಿಂದ ಅವುಗಳ ನಡುವಿನ ಅಂತರವನ್ನು ಹೇಳಲು ನನಗೆ ಸ್ವಲ್ಪ ಹಕ್ಕಿದೆ ಎಂದುಕೊಂಡಿದ್ದೇನೆ.

ಹಾರ್ಮೋನಿಯಂನಲ್ಲಿ ಸ್ವರ ಹುಟ್ಟುವುದು ಗಾಳಿಯ ಒತ್ತಡಕ್ಕೆ ಕಂಪಿಸುವ ಹಿತ್ತಾಳೆಯ ನಾಲಿಗೆಯಿಂದ. ಆರ್ಗನ್‌ನ ಬಹುಪಾಲು ಕೊಳವೆಗಳಲ್ಲಿ ಅಂಥ ನಾಲಿಗೆಯೇ ಇಲ್ಲ. ಕೊಳಲಿನಲ್ಲಿ ಆಗುವಂತೆ ಗಾಳಿ ಒಂದು ಅಂಚಿಗೆ ತಾಗಿ ಕೊಳವೆಯೊಳಗಿನ ವಾಯುಸ್ತಂಭ ಮಿಡಿದು ಸ್ವರವಾಗುತ್ತದೆ. ಒಂದೊಂದು ಸ್ವರಕ್ಕೆ ಒಂದೊಂದು ಕೊಳವೆ, ಒಂದೊಂದು ನಾದಗುಣಕ್ಕೆ ಕೊಳವೆಗಳ ಒಂದೊಂದು ಸಾಲು. ಈ ಸಾಲುಗಳನ್ನು ತೆರೆಯುವ ಮುಚ್ಚುವ ಹಿಡಿಗಳಿಗೆ ಸ್ಟಾಪ್ ಎನ್ನುತ್ತಾರೆ. ಅತಿ ಉದ್ದದ ಕೊಳವೆ ಎಂಟು ಅಡಿಯಿರುವ ಸಾಲು ಮನುಷ್ಯರ ಕಂಠದ ಸ್ಥಾಯಿಯಲ್ಲಿ ನುಡಿದರೆ ಹದಿನಾರು ಅಡಿಯದು ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ನಾಲ್ಕು ಅಡಿಯದು ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಕೈಗಳಿಗೆ ಎರಡು ಮೂರು ಕೀಲಿಮಣೆಗಳು, ಪಾದಗಳಿಗೆ ಇನ್ನೊಂದು. ಎರಡು ಕೈ, ಎರಡು ಕಾಲು ನಾಲ್ಕೂ ಬೇರೆ ಬೇರೆ ಗಾನದ ಎಳೆಗಳನ್ನು ಹಿಡಿದು ನಡೆಯಬೇಕು. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಆರ್ಗನ್‌ನಲ್ಲಿ ಕೀಲಿಯನ್ನು ಎಷ್ಟು ಬಲವಾಗಿ ಒತ್ತಿದರೂ ಸ್ವರದ ಗಟ್ಟಿತನ ಬದಲಾಗುವುದಿಲ್ಲ. ವೀಣೆಯ ಮೀಟಿನಲ್ಲೋ ಮೃದಂಗದ ಹೊಡೆತದಲ್ಲೋ ಇರುವ ಒತ್ತು ಇಲ್ಲಿ ಬೆರಳಿಗೆ ದಕ್ಕುವುದಿಲ್ಲ. ಒಂದು ಸ್ವರ ಎದ್ದು ಕಾಣಬೇಕಾದರೆ ಅದಕ್ಕೆ ಮೊದಲಿನ ಸ್ವರವನ್ನು ಕೂದಲೆಳೆಯಷ್ಟು ಬೇಗ ಬಿಟ್ಟು ನಡುವೆ ಮೌನದ ಒಂದು ಬಿರುಕನ್ನು ಇಡಬೇಕು. ಹಾಗಾಗಿ ಒಳ್ಳೆಯ ಆರ್ಗನ್ ವಾದಕರು ಕಾಲವನ್ನು ಕೆತ್ತುವವರು. ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಯಾವುದು ಎಲ್ಲಿ ಉಸಿರು ಬಿಡಬೇಕು ಎಂಬುದನ್ನು ಸ್ವರಲಿಪಿ ಹೇಳುವುದಿಲ್ಲ. ಅದನ್ನು ನುಡಿಸುವವರೇ ತೀರ್ಮಾನಿಸುತ್ತಾರೆ.

ರಿಕ್ಟರ್ 1926ರಲ್ಲಿ ಸ್ಯಾಕ್ಸನಿಯ ಪ್ಲಾವೆನ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಪ್ರೊಟೆಸ್ಟಂಟ್ ಸಭೆಯ ಪಾದ್ರಿ. ಮಗನಿಗೆ ಒಂಬತ್ತು ತುಂಬುವ ಹೊತ್ತಿಗೆ ಅವರು ತೀರಿಕೊಂಡರು. ಕುಟುಂಬ ಫ್ರೈಬರ್ಗ್ ಪಟ್ಟಣಕ್ಕೆ ಬಂತು. ಆ ಪಟ್ಟಣದ ಮುಖ್ಯ ದೇವಾಲಯದಲ್ಲಿ ಗಾಟ್‌ಫ್ರೀಡ್ ಜಿಲ್ಬರ್‌ಮಾನ್ 1714ರಲ್ಲಿ ಕಟ್ಟಿ ಮುಗಿಸಿದ ಮೂರು ಕೀಲಿಮಣೆಗಳ ಆರ್ಗನ್ ಇದೆ. ಹದಿನೆಂಟನೆಯ ಶತಮಾನದ ಜರ್ಮನ್ ಸ್ವರಸಂಯೋಜಕ ಬಾಖ್ ಅವರ ಕಾಲದಲ್ಲಿ, ಅವರ ಸೀಮೆಯಲ್ಲೇ ಕಟ್ಟಲಾದ ಆ ವಾದ್ಯ ಇಂದಿಗೂ ನುಡಿಯುತ್ತಿದೆ. ತಂದೆಯಿಲ್ಲದ ಹುಡುಗನ ಕಿವಿಗೆ ಮೊದಲು ಬಿದ್ದ ದೊಡ್ಡ ನಾದಗಳಲ್ಲಿ ಅದೂ ಒಂದು. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಮರಳಿ ಅಲ್ಲಿಗೇ ಹೋಗಿ ಬಾಖ್ ಅವರ ಆರ್ಗನ್ ಕೃತಿಗಳನ್ನು ಧ್ವನಿಮುದ್ರಿಸಿದರು. ಹನ್ನೊಂದನೆಯ ವಯಸ್ಸಿಗೆ ಡ್ರೆಸ್ಡನ್ ನಗರದ ಕ್ರಾಯ್ತ್ಸ್‌ಕೋರ್ ಎಂಬ ಬಾಲಕರ ಗಾಯನವೃಂದವನ್ನು ಸೇರಿದರು. ರುಡೋಲ್ಫ್ ಮೌವರ್ಸ್‌ಬರ್ಗರ್ ಅಲ್ಲಿಯ ಗುರು. ಎಂದರೆ ಕೈಗೆ ಆರ್ಗನ್ ಹತ್ತುವ ವಯಸ್ಸಿನಲ್ಲಿಯೇ ಕಂಠಕ್ಕೆ ಬೃಂದಗಾನವೂ ಹತ್ತಿತು. ಇವೆರಡೂ ಅವರಲ್ಲಿ ಎಂದೂ ಬೇರೆಯಾಗಲಿಲ್ಲ.

ಯುದ್ಧಕ್ಕೆ ಕರೆ ಬಂದು ಸೈನ್ಯದಲ್ಲಿದ್ದು, ಸೆರೆಯನ್ನೂ ಕಂಡು ಬಂದ ಮೇಲೆ ಅವರು ಲೈಪ್‌ಜಿಗ್‌ನಲ್ಲಿ ಓದು ಮುಂದುವರಿಸಿದರು. ಅಲ್ಲಿಯ ಗುರುಪರಂಪರೆಯನ್ನು ನಮ್ಮ ಓದುಗರು ಗಮನಿಸಬೇಕು. ಸೇಂಟ್ ಥಾಮಸ್ ಚರ್ಚಿನಲ್ಲಿ ಆರ್ಗನ್ ವಾದಕರ ಹುದ್ದೆ ಒಂದು, ಬಾಲಕರ ಗಾಯನವೃಂದವನ್ನು ನಡೆಸುವ ಕಾಂಟರ್ ಹುದ್ದೆ ಇನ್ನೊಂದು. 1723ರಿಂದ 1750ರವರೆಗೆ ಯೋಹಾನ್ ಸೆಬಾಸ್ಟಿಯನ್ ಬಾಖ್ ವಹಿಸಿದ್ದು ಈ ಎರಡನೆಯದನ್ನು. ಕಾರ್ಲ್ ಸ್ಟ್ರೌಬೆ ಅಲ್ಲಿ ಆರ್ಗನ್ ವಾದಕರಾಗಿದ್ದು 1918ರಲ್ಲಿ ಕಾಂಟರ್ ಆದರು. ತೆರವಾದ ಆರ್ಗನ್ ಪೀಠಕ್ಕೆ ಬಂದ ಅವರ ಶಿಷ್ಯ ಗ್ಯುಂಟರ್ ರಾಮಿನ್ ಮುಂದೆ ತಾವೂ ಕಾಂಟರ್ ಆದರು. ಈ ಇಬ್ಬರ ಬಳಿಯೂ ಕಲಿತ ರಿಕ್ಟರ್ 1949ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬುವ ವಯಸ್ಸಿನಲ್ಲಿ, ಅದೇ ಚರ್ಚಿನ ಆರ್ಗನ್ ವಾದಕರಾದರು. ಯುದ್ಧದಲ್ಲಿ ಹಾಳಾದ ಸೇಂಟ್ ಜಾನ್ ಚರ್ಚಿನಿಂದ ಬಾಖ್ ಅವರ ಅಸ್ಥಿಗಳನ್ನು ತೆಗೆದು ಸೇಂಟ್ ಥಾಮಸ್ ಚರ್ಚಿಗೆ ತಂದದ್ದೂ ಅದೇ ವರ್ಷ. ಮರುವರ್ಷ, ಬಾಖ್ ತೀರಿ ಇನ್ನೂರು ವರ್ಷವಾದ ಸಂದರ್ಭದಲ್ಲಿ, ಆ ನಗರದಲ್ಲಿ ನಡೆದ ಬಾಖ್ ಸ್ಪರ್ಧೆಯ ಆರ್ಗನ್ ವಿಭಾಗದಲ್ಲಿ ರಿಕ್ಟರ್ ಪ್ರಥಮ ಬಹುಮಾನವನ್ನು ಇನ್ನೊಬ್ಬರೊಡನೆ ಹಂಚಿಕೊಂಡರು. ಕೆಳಗೆ ಬಾಖ್ ಅವರ ಸಮಾಧಿ, ಮೇಲೆ ಅವರ ಸಂಗೀತವನ್ನು ನುಡಿಸುವ ತರುಣ. ನನ್ನಂಥ ಸಣ್ಣ ಚರ್ಚಿನ ವಾದಕನಿಗೆ ಆ ದೃಶ್ಯವನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

1951ರಲ್ಲಿ ಅವರು ಪೂರ್ವ ಜರ್ಮನಿಯನ್ನು ಬಿಟ್ಟು ಮ್ಯೂನಿಕ್ ನಗರಕ್ಕೆ ಹೋದರು. ಕ್ಯಾಥೊಲಿಕರೇ ಹೆಚ್ಚಾಗಿರುವ ಬವೇರಿಯಾದಲ್ಲಿ ಲೂಥರನ್ನರ ಸೇಂಟ್ ಮಾರ್ಕ್ ಚರ್ಚಿನಲ್ಲಿ ಕೆಲಸ, ಜೊತೆಗೆ ನಗರದ ಸಂಗೀತ ವಿದ್ಯಾಲಯದಲ್ಲಿ ಬೋಧನೆ. ಅಲ್ಲಿ ಅವರ ಕೈಗೆ ಬಂದದ್ದು ಹದಿನೇಳನೆಯ ಶತಮಾನದ ಸ್ವರಸಂಯೋಜಕ ಹೈನ್‌ರಿಖ್ ಶ್ಯುಟ್ಸ್ ಅವರ ಹೆಸರಿನ ಒಂದು ಚಿಕ್ಕ ಗಾಯನಗೋಷ್ಠಿ. 1954ರಲ್ಲಿ ಅದು ಮ್ಯೂನಿಕ್ ಬಾಖ್ ಗಾಯನವೃಂದ ಎಂಬ ಹೆಸರು ಪಡೆಯಿತು; ಅದೇ ಸುಮಾರಿಗೆ ಅದಕ್ಕೊಂದು ವಾದ್ಯವೃಂದವೂ ಹುಟ್ಟಿತು. ಲೋಕಪ್ರಸಿದ್ಧವಾದ ಈ ವೃಂದದಲ್ಲಿ ಹಾಡುತ್ತಿದ್ದವರು ಸಂಗೀತವನ್ನೇ ವೃತ್ತಿಯಾಗಿ ಹಿಡಿದವರಲ್ಲ. ಬಹುಪಾಲು ಹವ್ಯಾಸಿಗಳು. ಹಗಲು ತಮ್ಮ ತಮ್ಮ ಕೆಲಸ ಮುಗಿಸಿ ಅಭ್ಯಾಸಕ್ಕೆ ಬರುತ್ತಿದ್ದವರು. ಬಾಖ್ ಅವರ ಬೃಂದಗಾನದ ಭಾಗಗಳು ಹಾಡುವವರಿಗೆ ಬಹಳ ಕಷ್ಟವಾದವು. ವಯಲಿನ್‌ಗೆ ಬರೆದಂತೆ ಉದ್ದುದ್ದ ಓಟಗಳು, ಉಸಿರಿಗೆ ಎಡೆ ಕೊಡದ ಪಂಕ್ತಿಗಳು. ಅಂಥದ್ದನ್ನು ದೊಡ್ಡದೊಂದು ಹವ್ಯಾಸಿ ವೃಂದದಿಂದ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುವಂತೆ, ಓಟದ ಸ್ವರಗಳು ಒಂದಕ್ಕೊಂದು ಮೆತ್ತಿಕೊಳ್ಳದಂತೆ ಹಾಡಿಸಿದ್ದು ರಿಕ್ಟರ್ ಅವರ ಮೊದಲ ಸಾಧನೆ. ನನಗೆ ಅದರಲ್ಲಿ ಆರ್ಗನ್ ವಾದಕರ ಕಿವಿ ಕಾಣುತ್ತದೆ. ಬೆರಳಿನಿಂದ ಒತ್ತು ಕೊಡಲಾಗದ ವಾದ್ಯದಲ್ಲಿ ಮೌನದ ಬಿರುಕುಗಳಿಂದ ಮಾತಾಡಿಸುವ ವಿದ್ಯೆಯನ್ನು ಅವರು ಮನುಷ್ಯರ ಕಂಠಗಳಿಗೆ ದಾಟಿಸಿದರು.

ನಮ್ಮ ಸಭೆಯ ಗಾಯಕರೂ ಬ್ಯಾಂಕಿನವರು, ಶಾಲಾ ಶಿಕ್ಷಕಿಯರು, ದಾದಿಯರು, ಒಬ್ಬರು ಬಡಗಿ. ವಾರದ ದಣಿವಿನೊಡನೆ ಬಂದವರಿಂದ ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿಗಳನ್ನು ಬೇರೆ ಬೇರೆಯಾಗಿ ಕಲಿಸಿ, ಆಮೇಲೆ ಒಂದಾಗಿ ಕೂಡಿಸುವುದು ಎಂಥ ಕೆಲಸ ಎಂಬುದನ್ನು ಬಲ್ಲೆ. ಟೆನರ್ ಸಾಲಿನಲ್ಲಿ ಒಬ್ಬರು ಬಾರದಿದ್ದರೆ ಆ ದಿನದ ಅಭ್ಯಾಸವೇ ಕುಂಟುತ್ತದೆ. ಈ ಅನುಭವವಿಲ್ಲದವರಿಗೆ ವೃಂದ ನಿರ್ದೇಶಕರೆಂದರೆ ಎದುರಿಗೆ ನಿಂತು ಕೈಯಾಡಿಸುವವರು ಎಂದು ತೋರುವುದು ಸಹಜ. ಕೈಯಾಡಿಸುವುದು ಕಡೆಯ ಒಂದು ಗಂಟೆಯ ಕೆಲಸ. ಅದರ ಹಿಂದಿನ ತಿಂಗಳುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

1956ರಲ್ಲಿ ರಾಮಿನ್ ತೀರಿಕೊಂಡರು. ಲೈಪ್‌ಜಿಗ್‌ನ ಕಾಂಟರ್ ಪೀಠ, ಬಾಖ್ ಕುಳಿತ ಪೀಠ, ಮೂವತ್ತು ತುಂಬದ ರಿಕ್ಟರ್ ಅವರನ್ನು ಅರಸಿಕೊಂಡು ಬಂತು. ಸ್ಟ್ರೌಬೆ, ರಾಮಿನ್, ಆಮೇಲೆ ರಿಕ್ಟರ್ ಎಂದು ಪರಂಪರೆ ಮುಂದುವರಿಯಬೇಕಿತ್ತು. ಅವರು ಒಪ್ಪಲಿಲ್ಲ. ಮ್ಯೂನಿಕ್‌ನಲ್ಲಿ ತಾವು ಕಟ್ಟಿದ ವೃಂದದ ಬಳಿಯೇ ಉಳಿದರು; ಅದೇ ವರ್ಷ ಅಲ್ಲಿಯ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಸಂಗೀತಗಾರರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ನಿರಾಕರಣೆಯನ್ನು ನಾನು ಹೆಚ್ಚು ಕಂಡಿಲ್ಲ. ಐದು ವರ್ಷ ತಿದ್ದಿ ತೀಡಿದ ಕಂಠಗಳನ್ನು ಬಿಟ್ಟು ಹೋಗುವುದು ಯಾವ ವೃಂದದ ಗುರುವಿಗಾದರೂ ಎಷ್ಟು ಕಷ್ಟವೆಂಬುದು ನನಗೆ ಗೊತ್ತು.

ಇನ್ನು ಮನೋಧರ್ಮದ ಪ್ರಶ್ನೆ. ಬಾಖ್ ಕಾಲದ ಸಂಗೀತದಲ್ಲಿ ಎಲ್ಲವನ್ನೂ ಬರೆದಿಡುವ ಪದ್ಧತಿಯೇ ಇರಲಿಲ್ಲ. ಮಂದ್ರದ ಒಂದು ಸಾಲನ್ನು ಬರೆದು ಅದರ ಪಕ್ಕದಲ್ಲಿ ಆರು, ನಾಲ್ಕು, ಏಳು ಎಂಬಂಥ ಅಂಕಿಗಳನ್ನು ಗುರುತು ಹಾಕಿರುತ್ತಾರೆ. ಆರ್ಗನ್ ಅಥವಾ ತಂತಿ ಮೀಟುವ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್ ನುಡಿಸುವವರು ಆ ಅಂಕಿಗಳನ್ನು ನೋಡಿ ಮೇಲಿನ ಸ್ವರಸಮೂಹವನ್ನು ಆ ಕ್ಷಣದಲ್ಲಿ ತಾವೇ ಕಟ್ಟಬೇಕು. ಹಾಡುವವರು ಒಂದು ಮಾತಿನ ಮೇಲೆ ನಿಂತರೆ ಇವರೂ ನಿಲ್ಲಬೇಕು. ಅವರು ನುಗ್ಗಿದರೆ ಇವರೂ ದಾರಿ ಬಿಡಬೇಕು. ನಮ್ಮ ಕಛೇರಿಗಳಲ್ಲಿ ಒಳ್ಳೆಯ ಪಿಟೀಲು ವಾದಕರು ಗಾಯಕರು ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ನೆರವಲ್ ಬೆನ್ನಿಗೆ ನಡೆಯುವ ಬಗೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಿಕ್ಟರ್ ಹಲವು ಸಲ ಹಾರ್ಪ್ಸಿಕಾರ್ಡ್ ಮುಂದೆ ಕುಳಿತು ಅದನ್ನು ನುಡಿಸುತ್ತಲೇ ವಾದ್ಯವೃಂದವನ್ನು ನಡೆಸುತ್ತಿದ್ದರು. ಎರಡೂವರೆ ಮೂರು ಗಂಟೆಗಳ ಕೃತಿಗಳನ್ನೂ ಪುಸ್ತಕವಿಲ್ಲದೆ, ಪೂರ್ತಿಯಾಗಿ ನೆನಪಿನಿಂದ ನಡೆಸುವುದು ಅವರ ಕ್ರಮ. ಕಣ್ಣು ಪುಟದ ಮೇಲಿಲ್ಲದ ಕಾರಣ ಅದು ಸದಾ ಹಾಡುವವರ ಮುಖದ ಮೇಲಿತ್ತು. ಅಭ್ಯಾಸದಲ್ಲಿ ನಿಗದಿಯಾದ ಕಾಲಪ್ರಮಾಣವನ್ನು ಪ್ರದರ್ಶನದ ಹೊತ್ತಿಗೆ ಬದಲಿಸಲು ಅವರು ಹಿಂಜರಿಯುತ್ತಿರಲಿಲ್ಲ. ಒಂದು ಸಂಜೆಯಂತೆ ಇನ್ನೊಂದು ಸಂಜೆ ಇರಲಿಲ್ಲ.

ಮತ್ತಾಯನ ಸುವಾರ್ತೆಯನ್ನು ಆಧರಿಸಿದ ಬಾಖ್ ಅವರ ಪ್ಯಾಶನ್, ಅಂದರೆ ಯೇಸುವಿನ ಯಾತನೆಯನ್ನು ಹಾಡಿನಲ್ಲಿ ಹೇಳುವ ಕೃತಿಯನ್ನು ಅವರು 1958ರಲ್ಲಿ ಮ್ಯೂನಿಕ್‌ನ ಹೆರ್ಕ್ಯುಲಿಸ್ ಸಭಾಂಗಣದಲ್ಲಿ ಧ್ವನಿಮುದ್ರಿಸಿದರು. ಎರ್ನ್‌ಸ್ಟ್ ಹೇಫ್ಲಿಗರ್, ಇರ್ಮ್‌ಗಾರ್ಡ್ ಜೇಫ್ರೀಡ್, ಹೆರ್ಟಾ ಟಾಪರ್, ಡೀಟ್ರಿಖ್ ಫಿಷರ್ ಡೀಸ್ಕೌ, ಕೀತ್ ಎಂಗೆನ್ ಅದರ ಗಾಯಕರು. ಎಂಬತ್ತರ ದಶಕದಲ್ಲಿ ನಮ್ಮ ಸಭೆಯ ಹಿರಿಯ ಪಾದ್ರಿಯೊಬ್ಬರು ನನ್ನನ್ನು ಮನೆಗೆ ಕರೆದು ಅದರ ಗ್ರಾಮಫೋನ್ ತಟ್ಟೆಯನ್ನು ಕೇಳಿಸಿದರು. ಆರಂಭದ ಬೃಂದಗಾನ ಸುಮಾರು ಹತ್ತು ನಿಮಿಷದ್ದು. ನಾಲ್ಕು ಎಣಿಕೆ, ಒಂದೊಂದು ಎಣಿಕೆಯಲ್ಲೂ ಮೂರು ಮಾತ್ರೆ. ನಮ್ಮವರು ತಿಸ್ರ ನಡೆ ಎನ್ನುವ ಲೆಕ್ಕವೇ. ಕೆಳಗೆ ಮಂದ್ರದ ಒಂದೇ ಸ್ವರ ಎದೆಬಡಿತದ ಹಾಗೆ ಮಿಡಿಯುತ್ತಿರುತ್ತದೆ. ಅದರ ಮೇಲೆ ಎರಡು ಗಾಯನವೃಂದಗಳು ಒಂದನ್ನೊಂದು ಕೂಗಿ ಕೇಳುತ್ತವೆ: ನೋಡಿ ಎಂದು ಒಂದು, ಯಾರನ್ನು ಎಂದು ಮತ್ತೊಂದು. ದುಃಖದ ಆ ದೊಡ್ಡ ಮೆರವಣಿಗೆ ನಡೆದಿರುವಾಗಲೇ ಇವೆಲ್ಲಕ್ಕೂ ಮೇಲೆ ಮೂರನೆಯದಾಗಿ ಬಾಲಕರ ಕಂಠಗಳು ಬೇರೊಂದು ಹಳೆಯ ಕೀರ್ತನೆಯನ್ನು, ಕೆಳಗಿನ ಗೋಳಾಟ ಕೇಳಿಸಿಯೇ ಇಲ್ಲವೆಂಬಷ್ಟು ಶಾಂತವಾಗಿ ಎತ್ತುತ್ತವೆ. ರಿಕ್ಟರ್ ಇಲ್ಲಿ ಅವಸರ ಮಾಡುವುದಿಲ್ಲ. ನಡೆಯುವವರ ಬೆನ್ನ ಮೇಲೆ ಭಾರವಿದೆ ಎಂಬುದು ಹೆಜ್ಜೆಹೆಜ್ಜೆಗೂ ತಿಳಿಯುತ್ತದೆ, ಆದರೆ ನಡಿಗೆ ಎಲ್ಲಿಯೂ ನಿಲ್ಲುವುದಿಲ್ಲ. ಆ ಸಂಜೆ ನಾವಿಬ್ಬರೂ ತಟ್ಟೆಯ ಮೊದಲ ಬದಿ ಮುಗಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಇದೇ ಕೃತಿಯಲ್ಲಿ ಒಂದು ಹಳೆಯ ಕೀರ್ತನೆಯ ರಾಗ ಐದು ಸಲ ಬರುತ್ತದೆ. ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಪ್ರೇಮಗೀತೆಯೊಂದಕ್ಕೆ ಕಟ್ಟಿದ ರಾಗವದು. ಮುಂದೆ ಕ್ರಿಸ್ತನ ಯಾತನೆಯ ಕೀರ್ತನೆಗೆ ಅದನ್ನು ಹೊಂದಿಸಿದರು. ಬಾಖ್ ರಾಗವನ್ನು ಹಾಗೆಯೇ ಇಟ್ಟುಕೊಂಡು ಅದರ ಕೆಳಗಿನ ಮೂರು ಧ್ವನಿಗಳನ್ನು ಸಂದರ್ಭಕ್ಕೆ ತಕ್ಕಂತೆ ಬದಲಿಸುತ್ತಾರೆ. ಒಂದೇ ಪಲ್ಲವಿಗೆ ಸಂಗತಿಗಳು ಬೆಳೆಯುವ ಬಗೆಗೆ ಇದನ್ನು ಹೋಲಿಸಬಹುದು. ಇಲ್ಲಿ ಬೆಳವಣಿಗೆ ರಾಗದ ಸಾಲಿನಲ್ಲಲ್ಲ, ಅದರ ಅಡಿಯಲ್ಲಿ ಆಗುತ್ತದೆ ಎಂಬುದಷ್ಟೇ ಭೇದ. ಐದನೆಯದು ಬರುವುದು ಯೇಸು ಪ್ರಾಣಬಿಟ್ಟ ಮಾತಿನ ಬೆನ್ನಿಗೆ. ಪ್ರತಿ ಸಾಲಿನ ಕೊನೆಯಲ್ಲಿ ತಂಗುವ ಗುರುತಿದೆ, ಎಷ್ಟು ಹೊತ್ತು ತಂಗಬೇಕೆಂದು ಬರೆದಿಲ್ಲ. ರಿಕ್ಟರ್ ತಮ್ಮ ವೃಂದವನ್ನು ಅಲ್ಲಿ ಪಿಸುಮಾತಿನ ಹತ್ತಿರಕ್ಕೆ ಇಳಿಸುತ್ತಾರೆ, ತಂಗುದಾಣಗಳಲ್ಲಿ ಉಸಿರು ಹಿಡಿದಂತೆ ನಿಲ್ಲುತ್ತಾರೆ. ಅಷ್ಟು ಮಂದಿ ಒಟ್ಟಿಗೆ ಒಂದೇ ಉಸಿರಿನ ಅಂಚಿನಲ್ಲಿ ನಿಂತು, ಒಂದೇ ಕ್ಷಣಕ್ಕೆ ಮುಂದಿನ ಮಾತನ್ನು ಎತ್ತುತ್ತಾರೆ. ಮಾನ್ಯ ಲೇಖಕರು ಇದನ್ನು ಒಮ್ಮೆ ಕೇಳಬೇಕು. ಬರೆದದ್ದನ್ನು ಓದಿ ಒಪ್ಪಿಸುವುದು ಎಂಬ ಮಾತು ಆಮೇಲೆ ಅವರ ಲೇಖನಿಯಿಂದ ಬರಲಾರದು ಎಂಬ ನಂಬಿಕೆ ನನಗಿದೆ.

ಮುಂದಿನ ವರ್ಷಗಳು ಬಿಡುವಿಲ್ಲದ ದುಡಿಮೆಯವು. 1961ರಲ್ಲಿ ಆರಾಧನೆಯ ಪಠ್ಯಕ್ಕೆ ಬಾಖ್ ಬರೆದ ಬಿ ಮೈನರ್ ಮಾಸ್, 1964ರಲ್ಲಿ ಯೋಹಾನನ ಪ್ಯಾಶನ್, 1965ರಲ್ಲಿ ಫ್ರಿಟ್ಸ್ ವುಂಡರ್‌ಲಿಖ್, ಗುಂಡುಲಾ ಯಾನೊವಿಟ್ಸ್ ಅವರೊಡನೆ ಕ್ರಿಸ್ಮಸ್ ಓರಟೋರಿಯೊ ಎಂಬ ಗಾನಕಥನ. ಆರಾಧನೆಗೆಂದು ಬಾಖ್ ಬರೆದ ಕ್ಯಾಂಟಾಟಾ ಎಂಬ ಗಾನಕೃತಿಗಳಲ್ಲಿ ಎಪ್ಪತ್ತೈದರಷ್ಟು ಧ್ವನಿಮುದ್ರಣ. ಧರ್ಮಕ್ಕೆ ಬಾಗಿಲು ಮುಚ್ಚಿದ್ದ ಸೋವಿಯತ್ ಒಕ್ಕೂಟಕ್ಕೆ 1968ರಲ್ಲಿ ವೃಂದವನ್ನು ಕರೆದೊಯ್ದು ಮಾಸ್ಕೋ, ಲೆನಿನ್‌ಗ್ರಾಡ್ ನಗರಗಳಲ್ಲಿ ಬಾಖ್ ಅವರ ದೇವಸ್ತುತಿಯನ್ನು ಹಾಡಿಸಿದರು. ಅಮೆರಿಕ, ಜಪಾನ್ ಪ್ರವಾಸಗಳೂ ನಡೆದವು.

ಇವುಗಳ ನಡುವೆ ಅವರು ಆರ್ಗನ್ ಕಛೇರಿಗಳನ್ನು ಬಿಡಲಿಲ್ಲ. ಪ್ರವಾಸಿ ಆರ್ಗನ್ ವಾದಕರ ಕಷ್ಟ ಬೇರೆ ಯಾವ ವಾದಕರಿಗೂ ಇಲ್ಲ. ಪಿಟೀಲು ವಾದಕರು ತಮ್ಮ ಪಿಟೀಲನ್ನು ಹೆಗಲಿಗೇರಿಸಿ ಹೋಗುತ್ತಾರೆ. ಆರ್ಗನ್ ವಾದಕರಿಗೆ ಊರೂರಿನಲ್ಲೂ ಹೊಸ ವಾದ್ಯ. ಒಂದರಲ್ಲಿ ಇಪ್ಪತ್ತು ಸ್ಟಾಪ್, ಇನ್ನೊಂದರಲ್ಲಿ ಎಂಬತ್ತು; ಕೀಲಿಯ ಬಿಗುಪು ಬೇರೆ, ಪಾದಮಣೆಯ ಅಳತೆ ಬೇರೆ, ಕಟ್ಟಡದ ಮಾರ್ದನಿ ಬೇರೆ. ದೊಡ್ಡ ಕೆಥೆಡ್ರಲಿನಲ್ಲಿ ನುಡಿಸಿದ ಸ್ವರ ಗೋಡೆಗೆ ಬಡಿದು ಮರಳುವ ಹೊತ್ತಿಗೆ ಬೆರಳು ಮುಂದಿನ ಪಂಕ್ತಿಯಲ್ಲಿರುತ್ತದೆ. ಕಛೇರಿಗೆ ಮುನ್ನ ಖಾಲಿ ಕಟ್ಟಡದಲ್ಲಿ ಗಂಟೆಗಟ್ಟಲೆ ಕುಳಿತು, ಯಾವ ಸಾಲಿನೊಡನೆ ಯಾವ ಸಾಲನ್ನು ಬೆರೆಸಿದರೆ ಈ ಕೃತಿಗೆ ಈ ಗೋಡೆಗಳ ನಡುವೆ ಒಪ್ಪುವ ಬಣ್ಣ ಬರುತ್ತದೆ ಎಂದು ಹುಡುಕಬೇಕು. ಬಾಖ್ ಈ ಬಣ್ಣಗಳನ್ನು ಬಹುತೇಕ ಕೃತಿಗಳಲ್ಲಿ ಬರೆದೇ ಇಲ್ಲ. ಡೆನ್ಮಾರ್ಕ್‌ನ ಕೋಪನ್‌ಹೇಗನ್ ಹತ್ತಿರದ ಯೇಗರ್ಸ್‌ಬೋರ್ಗ್ ಚರ್ಚಿನಲ್ಲಿ ರಿಕ್ಟರ್ 1964ರಲ್ಲಿ ಮಾಡಿದ ಧ್ವನಿಮುದ್ರಣವನ್ನೂ ಫ್ರೈಬರ್ಗ್‌ನದನ್ನೂ ಹೋಲಿಸಿ ಕೇಳಿದರೆ, ಅದೇ ಕೈಗಳು ಎರಡು ವಾದ್ಯಗಳ ಸ್ವಭಾವಕ್ಕೆ ಎಷ್ಟು ಬೇರೆಯಾಗಿ ಮಣಿಯುತ್ತವೆ ಎಂಬುದು ತಿಳಿಯುತ್ತದೆ.

ಅವರನ್ನು ಹೊಗಳುವಾಗ ಅವರ ಮೇಲಿನ ಆಕ್ಷೇಪವನ್ನು ಮುಚ್ಚಿಡುವುದು ಸರಿಯಲ್ಲ. 1971ರಿಂದ ನಿಕೊಲೌಸ್ ಹಾರ್ನೊನ್‌ಕೋರ್ಟ್ ಮತ್ತು ಗುಸ್ಟಾವ್ ಲಿಯೊನ್‌ಹಾರ್ಟ್ ಬಾಖ್ ಅವರ ಕ್ಯಾಂಟಾಟಾಗಳನ್ನೆಲ್ಲ ಆ ಕಾಲದ ವಾದ್ಯಗಳಲ್ಲಿ, ಚಿಕ್ಕ ವೃಂದಗಳೊಡನೆ, ಬಾಲಕರ ಕಂಠದಲ್ಲಿ ಹೊರತರಲು ತೊಡಗಿದರು. ಆ ನಾದಕ್ಕೆ ಒಗ್ಗಿದವರಿಗೆ ರಿಕ್ಟರ್ ಅವರ ದೊಡ್ಡ ವೃಂದ, ಇಂದಿನ ವಾದ್ಯಗಳು, ನಿಧಾನದ ನಡೆ ಹಳತಾಗಿ ಕಂಡವು. ಆ ಹೊಸ ದಾರಿಯಿಂದ ನಾನೂ ಬಹಳ ಕಲಿತಿದ್ದೇನೆ. ಬಾಖ್ ಅವರ ನೃತ್ಯಗುಣ ನನ್ನ ಕಿವಿಗೆ ತೆರೆದದ್ದು ಅಲ್ಲಿಯೇ. 1979ರಲ್ಲಿ ರಿಕ್ಟರ್ ಮತ್ತೊಮ್ಮೆ ಧ್ವನಿಮುದ್ರಿಸಿದ ಮತ್ತಾಯನ ಪ್ಯಾಶನ್ ನನಗೆ ಒಪ್ಪಿಗೆಯಾಗಿಲ್ಲ. ಅಲ್ಲಿ ಭಾರ ಹೆಚ್ಚಿ ನಡಿಗೆ ಅಲ್ಲಲ್ಲಿ ಕುಸಿಯುತ್ತದೆ, 1958ರಲ್ಲಿದ್ದ ಕೆಚ್ಚು ಕಾಣುವುದಿಲ್ಲ. ಆದರೆ ಹಳತಾಯಿತು ಎಂಬ ಒಂದೇ ಮಾತಿನಿಂದ ಅವರನ್ನು ಬದಿಗೆ ಸರಿಸುವುದು ಅನ್ಯಾಯ. ಮುಂದಿನವರು ಪ್ರಶ್ನಿಸಿದ ಶೈಲಿಯಲ್ಲೇ ಬಾಖ್ ಅವರನ್ನು ಯುದ್ಧಾನಂತರದ ಎಷ್ಟೋ ಮನೆಗಳ ಒಳಗೆ ತಂದು ಕೂರಿಸಿದವರಲ್ಲಿ ಅವರೇ ಮೊದಲ ಸಾಲಿನವರು.

1971ರಲ್ಲಿ ಅವರಿಗೆ ಹೃದಯಾಘಾತವಾಯಿತು. ಆ ಬಳಿಕ ಕಣ್ಣಿನ ತೊಂದರೆಯೂ ಕಾಡಿತು. ಪುಸ್ತಕವಿಲ್ಲದೆ ನಡೆಸುವ ಅಭ್ಯಾಸ ಆಗ ಅವರ ಕೈ ಹಿಡಿದಿರಬೇಕು. ಕೆಲಸವನ್ನು ಮಾತ್ರ ಕಡಿಮೆ ಮಾಡಲಿಲ್ಲ. 1981ರ ಫೆಬ್ರವರಿ 15ರಂದು ಮ್ಯೂನಿಕ್‌ನ ಹೋಟೆಲೊಂದರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಐವತ್ತನಾಲ್ಕೇ ವರ್ಷ. ಪತ್ನಿಯ ನಾಡಾದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಅವರ ಸಮಾಧಿಯಿದೆ. ಅವರು ಕಟ್ಟಿದ ವೃಂದ ಅವರೊಡನೆ ಮುಗಿಯಲಿಲ್ಲ, ಇಂದಿಗೂ ಹಾಡುತ್ತಿದೆ.

ಈ ಸಂಗೀತಕ್ಕೂ ಕನ್ನಡ ನಾಡಿಗೂ ಏನು ನಂಟು ಎಂದು ಕೆಲವರು ಕೇಳಬಹುದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ತಮ್ಮೂರಿನ ಕೀರ್ತನೆಗಳನ್ನು ರಾಗಗಳ ಸಮೇತ ತಂದರು. ಮಾತುಗಳು ಕನ್ನಡವಾದವು, ರಾಗಗಳು ಉಳಿದವು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್ ಅವರೂ ಅದೇ ಮಿಷನ್ನಿನವರು ಎಂಬುದನ್ನು ತಮ್ಮ ಪತ್ರಿಕೆಯ ಓದುಗರಿಗೆ ನೆನಪಿಸಬೇಕಿಲ್ಲ. ಮೇಲೆ ಹೇಳಿದ ಯಾತನೆಯ ಕೀರ್ತನೆಯ ರಾಗವನ್ನು ನಮ್ಮ ಸಭೆಯಲ್ಲಿ ಶುಭ ಶುಕ್ರವಾರದಂದು ಕನ್ನಡದ ಮಾತುಗಳಲ್ಲಿ, ನಾಲ್ಕು ಧ್ವನಿಗಳಲ್ಲಿ ಹಾಡುತ್ತೇವೆ. ಸ್ವರಲಿಪಿ ಓದಲು ಬಾರದ ಅಜ್ಜಿಯಂದಿರು ಆಲ್ಟೊ ಸಾಲನ್ನು ಕಿವಿಯಿಂದಲೇ ಕಲಿತು, ಒಂದು ಸ್ವರವೂ ತಪ್ಪದಂತೆ ಹಾಡುತ್ತಿದ್ದುದನ್ನು ನಾನು ಬಲ್ಲೆ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊಳವೆ ಆರ್ಗನ್ ಇದೆ. ಆರ್ಗನ್ ಮತ್ತು ಹಾರ್ಮೋನಿಯಂ ನಡುವಿನ ಭೇದವನ್ನು ಪುಸ್ತಕದಲ್ಲಿ ಓದಿ ನಂಬುವ ಅಗತ್ಯ ನಮ್ಮವರಿಗಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಅಕ್ಟೋಬರ್ ತಿಂಗಳ ಪುರವಣಿಯೊಂದರಲ್ಲಿ ರಿಕ್ಟರ್ ಅವರ ಕುರಿತು ಒಂದು ಪುಟವನ್ನು, ಆಗದಿದ್ದರೆ ಅರ್ಧ ಪುಟವನ್ನಾದರೂ ಮೀಸಲಿಡಬೇಕು. ಅದನ್ನು ಬರೆಯುವವರು ಯಾರೇ ಆಗಲಿ, ನಮ್ಮ ಜಿಲ್ಲೆಯ ಯಾವುದಾದರೂ ಚರ್ಚಿಗೆ ವಾರದ ನಡುವಿನ ಸಂಜೆ, ಗಾಯಕರು ಅಭ್ಯಾಸಕ್ಕೆ ಸೇರುವ ಹೊತ್ತಿಗೆ, ಒಮ್ಮೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕು. ನಮ್ಮಲ್ಲಿಗೆ ಬರುವುದಾದರೆ ಗುರುವಾರ ಸಂಜೆ ಆರೂವರೆಗೆ ಬರಲಿ. ಈ ವಾರ ಟೆನರ್ ಸಾಲು ಇನ್ನೂ ಸರಿಹೋಗಿಲ್ಲ, ಅದನ್ನೇ ಮೊದಲು ಹಿಡಿಯುತ್ತೇವೆ.

ಇತಿ,
ತಮ್ಮ ವಿಶ್ವಾಸಿ,
ಚರ್ಚ್ ವಾದಕರೊಬ್ಬರು, ಮಂಗಳೂರು